ಎಷ್ಟು ಹೆಜ್ಜೆ ಅನ್ನೋದು ಬಿಡಿ, ಉಸಿರು ನೋಡಿ

(ಹೃದಯ ಮತ್ತು ನಡಿಗೆ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿ ಹಾಗೇ ಇಟ್ಟಿದ್ದೇನೆ, ಹೇಳಿದ್ದನ್ನೇ ಹೇಳಿದ ಕಡೆ ಮಾತ್ರ ಕತ್ತರಿ ಹಾಕಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಡೆದರೆ ಹೃದಯಕ್ಕೆ ಒಳ್ಳೆಯದು ಅಂತ ಹೇಳೋಕೆ ಒಬ್ಬರು ಬಂದು ಮೈಕ್ ಹಿಡಿಯಬೇಕಾಗಿಲ್ಲ. ಡಾಕ್ಟರ್ ಹೇಳಿದ್ದಾರೆ, ಮನೆಯವರು ಹೇಳಿದ್ದಾರೆ, ವಾಟ್ಸಾಪ್‌ನಲ್ಲಿ ದಿನಾ ಬರುತ್ತದೆ. ಆದರೂ ನಾವು ಒಂದೋ ನಡೆಯುವುದಿಲ್ಲ, ಇಲ್ಲಾ ನಡೆದರೂ ಹೃದಯಕ್ಕೆ ಗೊತ್ತೇ ಆಗದ ಹಾಗೆ ನಡೆಯುತ್ತೇವೆ. ಹೃದ್ರೋಗ ಬಂದು ಹೋದವರಿಗೆ ವ್ಯಾಯಾಮ ಹೇಳಿಕೊಡುವುದು ನನ್ನ ಕೆಲಸ. ಅಲ್ಲಿಗೆ ಬರುವವರಲ್ಲಿ ಈ ಎರಡನೇ ಗುಂಪೇ ಜಾಸ್ತಿ. "ನಾನು ವಾಕಿಂಗ್ ತಪ್ಪಿಸಿದವನೇ ಅಲ್ಲ" ಅನ್ನುತ್ತಾರೆ. ಜೊತೆಗೆ ಹೋಗಿ ನೋಡಿದರೆ ನಾಲ್ಕು ಹೆಜ್ಜೆ, ಒಂದು ಮಾತು, ನಿಂತು ಇನ್ನೊಂದು ಮಾತು. ತಪ್ಪೇನಿಲ್ಲ, ಮನಸ್ಸಿಗೆ ಹಿತ. ಹೃದಯಕ್ಕೆ ಮಾತ್ರ ಅದು ಕೆಲಸ ಅಂತಲೇ ಅನ್ನಿಸುವುದಿಲ್ಲ.

ಮೊದಲು ಒಂದು ಹಳೆಯ ಸಂಗತಿ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧ ಮುಗಿದ ಕಾಲಕ್ಕೆ ಬ್ರಿಟನ್‌ನಲ್ಲಿ ಹೃದಯಾಘಾತ ಜಾಸ್ತಿ ಆಗುತ್ತಾ ಬಂದಿತ್ತು, ಯಾಕೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಜೆರ್ರಿ ಮಾರಿಸ್ ಅನ್ನುವ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯ ಆರೋಗ್ಯದ ದಾಖಲೆ ಹಿಡಿದು ಕೂತರು. ಅದೇ ಬಸ್ಸು, ಅದೇ ಊರು, ಹೆಚ್ಚುಕಡಿಮೆ ಒಂದೇ ಥರದ ಜೀವನ. ವ್ಯತ್ಯಾಸ ಇದ್ದದ್ದು ಒಂದೇ ಕಡೆ: ಡ್ರೈವರ್ ಪಾಳಿ ಪೂರ್ತಿ ಕೂತೇ ಇರುತ್ತಾನೆ, ಕಂಡಕ್ಟರ್ ಟಿಕೆಟ್ ಕೊಡಲು ಮೇಲೆ ಹತ್ತುತ್ತಾನೆ, ಕೆಳಗೆ ಇಳಿಯುತ್ತಾನೆ, ದಿನಕ್ಕೆ ನೂರಾರು ಮೆಟ್ಟಿಲು. 1953ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಕಂಡಕ್ಟರ್‌ಗಳಿಗೆ ಹೃದ್ರೋಗ ಬರುವುದೇ ಕಡಿಮೆ, ಬಂದರೂ ತಡವಾಗಿ, ಬಂದ ಮೇಲೂ ಬದುಕಿ ಉಳಿಯುವವರು ಜಾಸ್ತಿ. ಅಂಚೆ ಇಲಾಖೆಯಲ್ಲೂ ಇದೇ ಕಥೆ. ಕಾಗದ ಹಂಚಿಕೊಂಡು ಓಡಾಡುವವರಿಗೆ ಕಡಿಮೆ, ಒಳಗೆ ಕೂತು ಕೆಲಸ ಮಾಡುವವರಿಗೆ ಜಾಸ್ತಿ.

ಇಲ್ಲಿ ಒಂದು ಅನುಮಾನ ಬರಬೇಕು, ಬಂದಿರುತ್ತದೆ ಕೂಡ. ದಪ್ಪ ಇರುವವರೇ ಡ್ರೈವರ್ ಕೆಲಸ ಆರಿಸಿಕೊಂಡಿರಬಹುದಲ್ವಾ? ಮಾರಿಸ್‌ಗೂ ಬಂತು. ಅವರು ಏನು ಮಾಡಿದರು ಗೊತ್ತಾ, ಸಿಬ್ಬಂದಿಗೆ ಸಮವಸ್ತ್ರ ಹೊಲಿಸಿದ ಅಳತೆಗಳನ್ನು ತರಿಸಿದರು. ಪ್ಯಾಂಟಿನ ಸೊಂಟದಳತೆ! ಅನುಮಾನ ಸ್ವಲ್ಪ ಮಟ್ಟಿಗೆ ನಿಜವೇ ಆಗಿತ್ತು, ಡ್ರೈವರ್‌ಗಳ ಸೊಂಟ ದೊಡ್ಡದಿತ್ತು. ಆದರೆ ತೆಳ್ಳಗಿನ ಡ್ರೈವರ್‌ಗಳನ್ನು ತೆಳ್ಳಗಿನ ಕಂಡಕ್ಟರ್‌ಗಳ ಜೊತೆ, ದಪ್ಪಗಿನವರನ್ನು ದಪ್ಪಗಿನವರ ಜೊತೆ ಇಟ್ಟು ನೋಡಿದಾಗಲೂ ಕಂಡಕ್ಟರ್‌ಗಳೇ ಮೇಲು. ನನಗೆ ಇದು ಆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗ. ಯಾಕೆಂದರೆ "ಮೂರು ತಿಂಗಳು ನಡೆದೆ, ಒಂದು ಕಿಲೋ ಇಳಿಯಲಿಲ್ಲ, ಬಿಟ್ಟುಬಿಟ್ಟೆ" ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ತೂಕದ ಯಂತ್ರ ಅಲ್ಲಾಡದಿದ್ದರೂ ಒಳಗೆ ಕೆಲಸ ನಡೆದಿರುತ್ತದೆ. ಅಂದ ಹಾಗೆ ಮಾರಿಸ್ 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ. ಒಬ್ಬರ ಆಯಸ್ಸಿನಿಂದ ಏನೂ ಸಾಬೀತಾಗುವುದಿಲ್ಲ, ಸುಮ್ನೆ ಹೇಳಿದೆ.

ಒಳಗೆ ನಡೆಯುವ ಕೆಲಸ ಯಾವುದು? ಈಗ ಎಲ್ಲರೂ ಒಂದು ಕೈ ಚಾಚಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ಇನ್ನೊಂದು ಕೈಯ ಎರಡು ಬೆರಳು ಇಡಿ. ಹೆಬ್ಬೆರಳಿಂದ ಒತ್ತಬೇಡಿ, ಅದರದ್ದೇ ನಾಡಿ ಸಿಕ್ಕಿ ಲೆಕ್ಕ ತಪ್ಪುತ್ತದೆ. ಜೋರಾಗಿ ಅದುಮಲೂ ಬೇಡಿ. ಸಿಕ್ತಾ? ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ.

ವಿಶ್ರಾಂತಿಯಲ್ಲಿರುವ ದೊಡ್ಡವರಿಗೆ 60ರಿಂದ 100ರ ಒಳಗೆ ಇದ್ದರೆ ಸಾಮಾನ್ಯ. ಹೃದಯ ಅಂದರೆ ನಿಮ್ಮ ಮುಷ್ಟಿಯಷ್ಟು ದೊಡ್ಡ ಸ್ನಾಯು. ಸುಮ್ಮನೆ ಕೂತಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ನಿಯಮಿತವಾಗಿ, ಸ್ವಲ್ಪ ಏದುಸಿರು ಬರುವಷ್ಟು ನಡೆಯುವವರಲ್ಲಿ ಒಂದೊಂದು ಬಡಿತಕ್ಕೂ ಹೋಗುವ ರಕ್ತ ಜಾಸ್ತಿಯಾಗುತ್ತದೆ. ಆಗ ಅದೇ 5 ಲೀಟರ್‌ಗೆ ಅಷ್ಟು ಸಲ ಬಡಿಯಬೇಕಾಗುವುದಿಲ್ಲ. ನಿಮಿಷಕ್ಕೆ 72 ಇದ್ದದ್ದು 64ಕ್ಕೆ ಬಂತು ಅಂತ ಇಟ್ಟುಕೊಳ್ಳಿ. ಎಂಟೇ ಬಡಿತ, ಅದೇನು ಮಹಾ ಅನ್ನಿಸಬಹುದು. ದಿನಕ್ಕೆ ಲೆಕ್ಕ ಹಾಕಿದರೆ 11,520 ಬಡಿತ ಕಡಿಮೆ.

ಬಡಿತ ಕಡಿಮೆಯಾದರೆ ಏನು ಲಾಭ ಅನ್ನುವುದರಲ್ಲಿ ಒಂದು ಸ್ವಾರಸ್ಯ ಇದೆ. ಹೃದಯ ಇಡೀ ಮೈಗೆ ರಕ್ತ ಕೊಡುತ್ತದೆ, ಆದರೆ ತನಗೆ ಬೇಕಾದ ರಕ್ತವನ್ನು ತನ್ನ ಗೋಡೆಯಲ್ಲೇ ಇರುವ ಸಣ್ಣ ನಾಳಗಳಿಂದ ಪಡೆಯುತ್ತದೆ. ಹೃದಯ ಹಿಂಡಿದಾಗ ಆ ನಾಳಗಳೂ ಅಮುಕಿಹೋಗುತ್ತವೆ. ಹಾಗಾಗಿ ಅದಕ್ಕೆ ಹೆಚ್ಚಿನ ರಕ್ತ ಸಿಗುವುದು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಬಡಿತ ನಿಧಾನ ಆದಷ್ಟೂ ಬಿಡುವು ಜಾಸ್ತಿ. ನಡಿಗೆಯಿಂದ ಹೃದಯಕ್ಕೆ ಸಿಗುವುದು ಈ ಬಿಡುವು. (ಇಲ್ಲೊಂದು ಮಾತು. ವ್ಯಾಯಾಮ ಏನೂ ಇಲ್ಲದೆ ನಾಡಿ ತುಂಬಾ ಕಡಿಮೆ ಇದೆ, ತಲೆ ಸುತ್ತುತ್ತದೆ ಅಂದರೆ ಖುಷಿಪಡುವ ವಿಷಯ ಅಲ್ಲ, ಡಾಕ್ಟರಿಗೆ ತೋರಿಸಿ.)

ಇನ್ನು ರಕ್ತನಾಳ. ನಾವೆಲ್ಲ ಅದನ್ನು ನೀರಿನ ಪೈಪ್ ಥರ ಅಂದುಕೊಂಡಿದ್ದೇವೆ, ಕಸ ಕಟ್ಟಿಕೊಳ್ಳುತ್ತದೆ, ಯಾವತ್ತೋ ಬ್ಲಾಕ್ ಆಗುತ್ತದೆ. ಪೈಪ್‌ಗೆ ಜೀವ ಇರುವುದಿಲ್ಲ, ನಾಳಕ್ಕೆ ಇದೆ. ಅದರ ಒಳಗಡೆ ಒಂದೇ ಒಂದು ಜೀವಕೋಶದಷ್ಟು ತೆಳ್ಳಗಿನ ಪದರ ಇದೆ. ನೀವು ಬಿರುಸಾಗಿ ನಡೆದಾಗ ರಕ್ತ ಜೋರಾಗಿ ಹರಿದು ಆ ಪದರವನ್ನು ಉಜ್ಜಿಕೊಂಡು ಹೋಗುತ್ತದೆ. ಉಜ್ಜಿದ್ದಕ್ಕೆ ಅದು ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಬಿಡುಗಡೆ ಮಾಡುತ್ತದೆ, ನಾಳ ಸಡಿಲಗೊಂಡು ಹಿಗ್ಗುತ್ತದೆ. ಒಂದು ಅನಿಲ ಹೀಗೆ ರಕ್ತನಾಳಕ್ಕೆ ಸಂದೇಶ ಕೊಡುತ್ತದೆ ಅಂತ ಕಂಡುಹಿಡಿದ ಮೂವರಿಗೆ, ಫರ್ಚ್‌ಗಾಟ್, ಇಗ್ನಾರೊ, ಮುರಾದ್, 1998ರಲ್ಲಿ ನೊಬೆಲ್ ಸಿಕ್ಕಿತು. ಅವತ್ತಿನ ನಡಿಗೆ ಮುಗಿದ ಮೇಲೂ ಕೆಲವು ಗಂಟೆ ರಕ್ತದೊತ್ತಡ ಇಳಿದೇ ಇರುತ್ತದೆ. ಬಿಪಿ ಇರುವವರು ವಾರಗಟ್ಟಲೆ ಬಿಡದೆ ಮಾಡಿದರೆ ಮೇಲಿನ ಅಂಕಿ ಸಾಧಾರಣವಾಗಿ 5ರಿಂದ 8ರಷ್ಟು ಇಳಿಯುತ್ತದೆ.

ಆದರೆ ಈ ಪರಿಣಾಮ ಕೂಡಿಟ್ಟುಕೊಳ್ಳುವಂಥದ್ದಲ್ಲ. ಇವತ್ತಿನ ಲಾಭ ನಾಳೆ ಹೊತ್ತಿಗೆ ಕರಗಿರುತ್ತದೆ. ಸಕ್ಕರೆ ವಿಷಯವೂ ಹಾಗೇ. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ, ಊಟ ಆದ ಮೇಲೆ ಹತ್ತು ನಿಮಿಷ ಅಡ್ಡಾಡಿ ಅನ್ನುವುದು ಅದಕ್ಕೇ. ಅದೂ ಆ ಹೊತ್ತಿನ ಲಾಭ. "ದಿನಾ ಯಾಕೆ ಮಾಡಬೇಕು" ಅಂತ ಕೇಳುವವರಿಗೆ ಇದಿಷ್ಟೇ ಕಾರಣ. ಶಿಸ್ತು, ಸಂಕಲ್ಪ ಅಂತ ದೊಡ್ಡ ಮಾತೇನೂ ಬೇಡ.

ಮಾಡದೇ ಹೋದರೆ ಎಷ್ಟು ಬೇಗ ಇಳಿಯುತ್ತೇವೆ ಅನ್ನುವುದಕ್ಕೆ 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಒಂದು ಪ್ರಯೋಗ ಆಯಿತು. 20 ವರ್ಷದ ಐದು ಜನ ಗಟ್ಟಿಮುಟ್ಟಾದ ಹುಡುಗರು. ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು, ಅಷ್ಟೇ. ಎದ್ದಾಗ ಅವರ ದೇಹ ಆಮ್ಲಜನಕ ಬಳಸಿಕೊಳ್ಳುವ ಶಕ್ತಿ ಕಾಲು ಭಾಗಕ್ಕೂ ಜಾಸ್ತಿ ಇಳಿದಿತ್ತು. ಮೂವತ್ತು ವರ್ಷ ಬಿಟ್ಟು ಅದೇ ಐವರನ್ನು ಕರೆಸಿ ಮತ್ತೆ ಪರೀಕ್ಷೆ ಮಾಡಿದರು. ಈಗ 50 ವರ್ಷ, ಮೈ ಬಂದಿದೆ. ಆದರೂ ಮೂವತ್ತು ವರ್ಷದ ವಯಸ್ಸು ಕಿತ್ತುಕೊಂಡದ್ದು ಅವತ್ತು ಮೂರು ವಾರದ ಹಾಸಿಗೆ ಕಿತ್ತುಕೊಂಡದ್ದಕ್ಕಿಂತ ಕಡಿಮೆ! ಆಮೇಲೆ ಆರು ತಿಂಗಳು ನಿಧಾನವಾಗಿ ನಡಿಗೆ, ಜಾಗಿಂಗ್, ಸೈಕಲ್ ಮಾಡಿಸಿದರು. ಹೆಚ್ಚುಕಡಿಮೆ 20ರ ವಯಸ್ಸಿನಲ್ಲಿ ಹಾಸಿಗೆ ಹಿಡಿಯುವ ಮುಂಚೆ ಎಲ್ಲಿದ್ದರೋ ಅಲ್ಲಿಗೆ ಬಂದರು. ಐದೇ ಜನ, ಸಣ್ಣ ಪ್ರಯೋಗ, ಅದನ್ನು ಮರೆಯಬಾರದು. ಆದರೆ ಆ ಕಾಲಕ್ಕೆ ಹೃದಯಾಘಾತ ಆದವರನ್ನು ವಾರಗಟ್ಟಲೆ ಅಲ್ಲಾಡದಂತೆ ಮಲಗಿಸುವುದೇ ಚಿಕಿತ್ಸೆಯಾಗಿತ್ತು. ಈಗ ತೊಡಕಿಲ್ಲದಿದ್ದರೆ ಒಂದೆರಡು ದಿನದಲ್ಲೇ ಎಬ್ಬಿಸಿ ನಡೆಸುತ್ತಾರೆ.

ಸರಿ, ಎಷ್ಟು ನಡೆಯಬೇಕು? ನೀವು ಕಾಯುತ್ತಿರುವ ಸಂಖ್ಯೆ ಹತ್ತು ಸಾವಿರ, ಅಲ್ವಾ? ಅದು ವೈದ್ಯರ ಕಡೆಯಿಂದ ಬಂದ ಸಂಖ್ಯೆ ಅಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಆದ ಮರುವರ್ಷ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು, ಹತ್ತು ಸಾವಿರ ಅನ್ನುವುದು ಅದರ ಹೆಸರಿನಲ್ಲೇ ಇತ್ತು. ಈಗ ಕೈಗಡಿಯಾರಗಳೆಲ್ಲ ಅದನ್ನೇ ಕೇಳುತ್ತಿವೆ. 9,700 ಆಗಿದೆ ಅಂತ ರಾತ್ರಿ ಮಲಗುವ ಮುಂಚೆ ಕೋಣೆಯೊಳಗೆ ಸುತ್ತು ಹಾಕುವವರಿದ್ದಾರೆ. 2019ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಸರಾಸರಿ 72 ವರ್ಷದ ಸುಮಾರು 17,000 ಹೆಂಗಸರ ಹೆಜ್ಜೆ ಎಣಿಸಿ, ನಾಲ್ಕು ವರ್ಷದ ಮೇಲೆ ಅವರ ಕಥೆ ಏನಾಯಿತು ಅಂತ ನೋಡಿದ್ದರು. ದಿನಕ್ಕೆ 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆಯವರಲ್ಲಿ ಸಾವಿನ ಪ್ರಮಾಣ 41% ಕಡಿಮೆ. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಆರೋಗ್ಯ ಚೆನ್ನಾಗಿರುವವರೇ ಜಾಸ್ತಿ ಓಡಾಡುತ್ತಾರೆ ಅನ್ನುವುದೂ ಇದರಲ್ಲಿ ಸ್ವಲ್ಪ ಸೇರಿರುತ್ತದೆ, ಪೂರ್ತಿ ಹೆಜ್ಜೆಯದ್ದೇ ಪುಣ್ಯ ಅನ್ನಲಾಗದು. ಆದರೂ ನನಗೆ ಕಾಣುವುದು ಇದು: ಏನೂ ಮಾಡದವರು ಸ್ವಲ್ಪ ಮಾಡಿದಾಗ ಸಿಗುವ ಲಾಭವೇ ದೊಡ್ಡದು. ಎಂಟು ಸಾವಿರದವರು ಹತ್ತಕ್ಕೆ ಹೋಗಲಿ ಬಿಡಲಿ, ಎರಡು ಸಾವಿರದವರು ನಾಲ್ಕಕ್ಕೆ ಬರಬೇಕು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ವ್ಯಾಯಾಮ, ಇಲ್ಲಾ 75ರಿಂದ 150 ನಿಮಿಷ ಜೋರು ವ್ಯಾಯಾಮ. ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯು ಗಟ್ಟಿಮಾಡುವ ಕೆಲಸ. ಹಿಂದೆ ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷ ಇರಲೇಬೇಕು ಅಂತಿತ್ತು, ಆ ಷರತ್ತನ್ನು ತೆಗೆದರು. ಐದು ನಿಮಿಷ ಸಿಕ್ಕರೆ ಐದು ನಿಮಿಷ. ಅದೂ ಲೆಕ್ಕಕ್ಕೆ ಬರುತ್ತದೆ.

ಮಧ್ಯಮ ಬಿರುಸು ಅಂದರೇನು? ಇಲ್ಲೇ ಎಲ್ಲರೂ ಎಡವುವುದು. ನಮ್ಮಲ್ಲಿ ಆರು ನಿಮಿಷದ ನಡಿಗೆ ಪರೀಕ್ಷೆ ಅಂತ ಮಾಡುತ್ತೇವೆ. 30 ಮೀಟರ್ ಉದ್ದದ ಕಾರಿಡಾರ್, ಎರಡೂ ತುದಿಗೆ ಒಂದೊಂದು ಗುರುತು. ಆರು ನಿಮಿಷದಲ್ಲಿ ಆದಷ್ಟು ದೂರ ನಡೆಯಬೇಕು, ಓಡುವಂತಿಲ್ಲ. ಸುಸ್ತಾದರೆ ನಿಲ್ಲಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ನಾವು ಪಕ್ಕದಲ್ಲಿ ನಡೆಯುವುದಿಲ್ಲ, ನಮ್ಮ ವೇಗ ಅವರಿಗೆ ಅಂಟಬಾರದು ಅಂತ. ನಿಮಿಷಕ್ಕೊಮ್ಮೆ ಇಷ್ಟು ಸಮಯ ಉಳಿದಿದೆ ಅಂತ ಮಾತ್ರ ಹೇಳುತ್ತೇವೆ. ದಿನಾ ಒಂದು ಗಂಟೆ ನಡೆಯುತ್ತೇನೆ ಅಂತ ಬಂದ ಹಿರಿಯರೊಬ್ಬರು ಮೊದಲ ಎರಡು ಸುತ್ತು ನಗುತ್ತಾ ಹೋದರು. ಮೂರನೇ ಸಲ ತಿರುಗುವಾಗ ಗೋಡೆಗೆ ಕೈ ತಾಗಿಸಿದರು. ಆಮೇಲಿನ ಸುತ್ತಿನಲ್ಲಿ ಮಾತು ನಿಂತಿತು. ನಾಲ್ಕನೇ ನಿಮಿಷಕ್ಕೆ ನಿಂತೇಬಿಟ್ಟರು. "ಈ ಥರ ಯಾವತ್ತೂ ನಡೆದಿರಲಿಲ್ಲ ಮಾರಾಯ್ರೇ" ಅಂದರು. ಅವರ ಹೃದಯಕ್ಕೆ ಹೊಸ ತೊಂದರೆ ಏನೂ ಆಗಿರಲಿಲ್ಲ. ಒಂದು ಗಂಟೆ ಕಾಲಿಗೆ ಅಭ್ಯಾಸ ಆಗಿತ್ತು, ಉಸಿರಿಗೆ ಆಗಿರಲಿಲ್ಲ, ಅಷ್ಟೇ.

ಹಾಗಾಗಿ ಉಸಿರು ನೋಡಿ. ಪಕ್ಕದವರ ಜೊತೆ ಮಾತಾಡಬಹುದು, ಆದರೆ ಹಾಡಲಾಗದು, ಅಷ್ಟು ಬಿರುಸು ಸಾಕು. ಹಾಡು ಬರುತ್ತಿದ್ದರೆ ನಿಧಾನ ಆಯಿತು. ಎರಡು ಪದಕ್ಕೊಮ್ಮೆ ಉಸಿರು ಎಳೆಯುತ್ತಿದ್ದರೆ ಜಾಸ್ತಿ ಆಯಿತು. ಸಂಖ್ಯೆಯೇ ಬೇಕು ಅನ್ನುವವರಿಗೆ, ನಿಮಿಷಕ್ಕೆ ಸುಮಾರು 100 ಹೆಜ್ಜೆ. ಹದಿನೈದು ಸೆಕೆಂಡಿಗೆ 25 ಎಣಿಸಿ ನೋಡಿ. ನಾಡಿ ನೋಡಿಕೊಳ್ಳುವವರು ಒಂದು ನೆನಪಿಡಿ: ಬಿಪಿಗೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತಗೊಳ್ಳುತ್ತಿದ್ದರೆ ಎಷ್ಟು ನಡೆದರೂ ನಾಡಿ ಅಷ್ಟಾಗಿ ಮೇಲೇರದಂತೆ ಅದು ತಡೆಯುತ್ತದೆ. ನಾಡಿ ಹೆಚ್ಚೆಂದರೆ ಎಷ್ಟು ಏರಬಹುದು ಅಂತ ನೋಡಲು 220ರಿಂದ ವಯಸ್ಸು ಕಳೆಯುವ ಸೂತ್ರ ಇದೆಯಲ್ಲ, ಅಂಥವರಿಗೆ ಅದು ಉಪಯೋಗವಿಲ್ಲ, ಉಸಿರೇ ಅಳತೆ.

ಶುರು ಮಾಡುವವರು ಐದು ನಿಮಿಷ ಹೋಗಿ ಐದು ನಿಮಿಷ ವಾಪಸ್ ಬನ್ನಿ. ಒಂದೆರಡು ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಈಗಾಗಲೇ ನಡೆಯುವವರು ಸಮಯ ಜಾಸ್ತಿ ಮಾಡಬೇಕಾಗಿಲ್ಲ, ಅದೇ ಅರ್ಧ ಗಂಟೆಯಲ್ಲಿ ಒಂದು ನಿಮಿಷ ಬಿರುಸು, ಎರಡು ನಿಮಿಷ ಮಾಮೂಲಿ, ಮತ್ತೆ ಒಂದು ನಿಮಿಷ ಬಿರುಸು, ಹೀಗೆ ಮಾಡಿ. ಕೊನೆಗೆ ಧಡಕ್ಕನೆ ನಿಲ್ಲಬೇಡಿ. ಕಾಲಿಗೆ ಇಳಿದ ರಕ್ತವನ್ನು ಮೇಲಕ್ಕೆ ತಳ್ಳುವುದು ಮೀನಖಂಡದ ಸ್ನಾಯು, ಅದು ನಿಂತರೆ ರಕ್ತ ಅಲ್ಲೇ ಉಳಿದು ತಲೆ ತಿರುಗಬಹುದು. ಗಂಟೆಗಟ್ಟಲೆ ಕೂತು ಕೆಲಸ ಮಾಡುವವರು ಆಗಾಗ ಎದ್ದು ಹಿಮ್ಮಡಿ ಎತ್ತಿ ಇಳಿಸಿ ಅನ್ನುವುದೂ ಅದಕ್ಕೇ. ಸ್ನಾಯುವಿಗೆ ಜಿಮ್ಮೇ ಬೇಕಾಗಿಲ್ಲ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ಮೆಟ್ಟಿಲು ಹತ್ತುವುದು ಸಾಕು. ಭಾರ ಎತ್ತುವಾಗ ಉಸಿರು ಕಟ್ಟಬೇಡಿ, ರಕ್ತದೊತ್ತಡ ಆ ಕ್ಷಣಕ್ಕೆ ಸಿಕ್ಕಾಪಟ್ಟೆ ಏರುತ್ತದೆ.

ಈಗ ಹೇಳುವುದನ್ನು ದಯವಿಟ್ಟು ಗಮನ ಇಟ್ಟು ಕೇಳಿ. ನಡೆಯುವಾಗ ಎದೆ ಹಿಡಿದಂತೆ, ಭಾರ ಇಟ್ಟಂತೆ ಆಗಿ, ನಿಂತರೆ ಕಡಿಮೆಯಾಗುತ್ತದೆ ಅಂದರೆ ಅದು ಹೃದಯದ ನಾಳ ಕಿರಿದಾಗಿರುವ ಸೂಚನೆ ಇರಬಹುದು. "ನಿಂತ ಮೇಲೆ ಹೋಯ್ತಲ್ಲ, ಗ್ಯಾಸ್ ಇರಬೇಕು" ಅಂತ ತಳ್ಳಿಹಾಕುತ್ತೇವೆ. ನಿಂತ ಮೇಲೆ ಹೋಗುತ್ತದೆ ಅನ್ನುವುದೇ ಅದರ ಲಕ್ಷಣ. ನಡಿಗೆ ನಿಲ್ಲಿಸಿ, ತಡ ಮಾಡದೆ ತೋರಿಸಿಕೊಳ್ಳಿ. ನಿಂತರೂ ಹೋಗದ ಎದೆನೋವು, ಎಡಗೈಗೆ, ದವಡೆಗೆ, ಬೆನ್ನಿಗೆ ಹರಡುವ ನೋವು, ತಣ್ಣನೆ ಬೆವರು, ವಾಕರಿಕೆ ಬಂದರೆ ಡಾಕ್ಟರ್ ಅಪಾಯಿಂಟ್‌ಮೆಂಟ್‌ಗೆ ಕಾಯುವ ಮಾತೇ ಇಲ್ಲ, ಆಂಬುಲೆನ್ಸ್ ಕರೆಸಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವೇ ಇಲ್ಲದೆ ಬರೀ ಏದುಸಿರು, ವಿಪರೀತ ಸುಸ್ತು ಅಂತಲೂ ಬರಬಹುದು.

ಇದಕ್ಕೆ ತದ್ವಿರುದ್ಧ ಇನ್ನೊಂದಿದೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಇದು ಕಾಲಿನ ರಕ್ತನಾಳ ಕಿರಿದಾದರೆ ಬರುವ ನೋವು. ಪರೀಕ್ಷೆ ಮಾಡಿಸಲೇಬೇಕು, ಕಾಲಿನ ನಾಳ ಹಾಗಿದ್ದರೆ ಹೃದಯದ್ದೂ ಹಾಗಿರುವ ಸಾಧ್ಯತೆ ಇದೆ. ಆದರೆ ಖಚಿತವಾದ ಮೇಲೆ ಅದಕ್ಕೆ ಕೊಡುವ ಚಿಕಿತ್ಸೆಯಲ್ಲಿ ನಡಿಗೆಯೇ ಮುಖ್ಯ. ನೋವು ಬರುವ ತನಕ ನಡೆ, ನಿಲ್ಲು, ಹೋದ ಮೇಲೆ ಮತ್ತೆ ನಡೆ. ಕೆಲವು ತಿಂಗಳಲ್ಲಿ ನೋವಿಲ್ಲದೆ ನಡೆಯುವ ದೂರ ಜಾಸ್ತಿಯಾಗುತ್ತದೆ. ಎದೆನೋವಿಗೆ ನಿಲ್ಲಬೇಕು, ಈ ಕಾಲುನೋವಿಗೆ ನಿಂತು ನಿಂತು ನಡೆಯಬೇಕು. ಯಾವುದು ಯಾವುದು ಅಂತ ಡಾಕ್ಟರ್ ಹೇಳಲಿ, ನೀವೇ ತೀರ್ಮಾನ ಮಾಡಬೇಡಿ.

ಆಮೇಲೆ ಸಭೆಯಿಂದ ಪ್ರಶ್ನೆಗಳು ಬಂದವು. ಬೆಳಗ್ಗೆ ಒಳ್ಳೆಯದೋ ಸಂಜೆಯೋ ಅಂತ ಒಬ್ಬರು. ನಿಮಗೆ ಯಾವಾಗ ತಪ್ಪುವುದಿಲ್ಲವೋ ಆಗ. ತುಂಬಾ ಚಳಿ ಇದ್ದಾಗ ನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ, ಹೃದಯದ ತೊಂದರೆ ಇರುವವರು ಬಿಸಿಲು ಬಂದ ಮೇಲೆ ಹೊರಡಲಿ. ಗಾಡಿ ಹೊಗೆ ತುಂಬಿದ ರಸ್ತೆ ಯಾರಿಗೂ ಬೇಡ.

ಮೊಣಕಾಲು ನೋವು, ನಡೆಯಲು ಆಗುವುದಿಲ್ಲ ಅಂದರು ಇನ್ನೊಬ್ಬರು. ಸೈಕಲ್ ತುಳಿಯಿರಿ, ನಿಂತ ಸೈಕಲ್ ಆದರೂ ಆಯಿತು. ನೀರಿನಲ್ಲಿ ನಡೆಯಿರಿ. ಅದೂ ಆಗದಿದ್ದರೆ ಕುರ್ಚಿಯಲ್ಲಿ ಕೂತು ಕೈ ಬೀಸಿ, ಉಸಿರು ಏರುವಷ್ಟು. ಹೃದಯಕ್ಕೆ ಕೈ ಯಾವುದು ಕಾಲು ಯಾವುದು ಅನ್ನುವ ಭೇದ ಇಲ್ಲ.

ಭಾನುವಾರ ಒಂದೇ ದಿನ ಮೂರು ಗಂಟೆ ನಡೆದರೆ ಸಾಕಾ? ವಾರಕ್ಕೆ ಒಂದೆರಡು ದಿನದಲ್ಲೇ ಅಷ್ಟೂ ನಿಮಿಷ ಮುಗಿಸುವವರಿಗೂ ಹೃದ್ರೋಗದ ಅಪಾಯ ಕಡಿಮೆಯಾಗುವುದು ಅಧ್ಯಯನಗಳಲ್ಲಿ ಕಂಡಿದೆ. ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ಆದರೆ ಬಿಪಿ, ಸಕ್ಕರೆ ಇರುವವರಿಗೆ ನಾನು ಹಂಚಿಕೊಂಡು ನಡೆಯಿರಿ ಅಂತಲೇ ಹೇಳುತ್ತೇನೆ, ಕಾರಣ ಆಗಲೇ ಹೇಳಿದೆನಲ್ಲ.

"ಸ್ಟೆಂಟ್ ಹಾಕಿಸಿಕೊಂಡಿದ್ದೇನೆ, ಬ್ಲಾಕ್ ತೆಗೆದಾಯ್ತು. ಇನ್ನೂ ನಡೀಬೇಕಾ?" ನಡೆಯಬೇಕು. ಸ್ಟೆಂಟ್ ಅಂದರೆ ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ, ಅದು ಸರಿ ಮಾಡಿದ್ದು ಒಂದು ಜಾಗವನ್ನು, ಮಿಕ್ಕ ನಾಳಗಳು ಹಿಂದೆ ಹೇಗಿದ್ದವೋ ಹಾಗೇ ಇವೆ. ಯಾವಾಗಿಂದ, ಎಷ್ಟು ಅನ್ನುವುದನ್ನು ನಿಮ್ಮ ಹೃದ್ರೋಗ ತಜ್ಞರೇ ಹೇಳಬೇಕು. ಆಸ್ಪತ್ರೆಯಲ್ಲಿ ಕಾರ್ಡಿಯಾಕ್ ರಿಹ್ಯಾಬ್, ಅಂದರೆ ಹೃದ್ರೋಗ ಬಂದು ಹೋದವರಿಗೆ ವ್ಯಾಯಾಮ ಹೇಳಿಕೊಡುವ ವಿಭಾಗ, ಇದ್ದರೆ ಸೇರಿಕೊಳ್ಳಿ. ಅಲ್ಲಿ ಮೊದಲ ಕೆಲವು ವಾರ ಇಸಿಜಿ, ಬಿಪಿ ನೋಡುತ್ತಾ ನಡೆಸುತ್ತಾರೆ, ನಡೆದರೆ ಏನಾಗುತ್ತದೋ ಅನ್ನುವ ಭಯ ಹೋಗುವುದೇ ಒಂದು ದೊಡ್ಡ ಲಾಭ.

ಕೊನೆಗೆ ಒಬ್ಬರು ಮೆಲ್ಲಗೆ ಕೇಳಿದರು, ಆರು ತಿಂಗಳಿಂದ ಬಿರುಸಾಗಿ ನಡೆಯುತ್ತಿದ್ದೇನೆ, ಬಿಪಿ ಚೆನ್ನಾಗಿದೆ, ಮಾತ್ರೆ ಬಿಟ್ಟುಬಿಡಬಹುದಾ ಅಂತ. ಬಿಡಬೇಡಿ. ಚೆನ್ನಾಗಿರುವುದು ನಡಿಗೆ ಮತ್ತು ಮಾತ್ರೆ ಎರಡೂ ಸೇರಿ. ಒಂದು ವಾರ ದಿನಾ ಬೆಳಗ್ಗೆ, ಸಂಜೆ, ಐದು ನಿಮಿಷ ಸುಮ್ಮನೆ ಕೂತು, ಬಿಪಿ ನೋಡಿ ಬರೆದುಕೊಳ್ಳಿ. ನಡೆದು ಬಂದ ತಕ್ಷಣ ನೋಡಬೇಡಿ, ಆ ಅಂಕಿ ಲೆಕ್ಕಕ್ಕಿಲ್ಲ. ನಿಂತಾಗ ತಲೆ ಸುತ್ತುತ್ತಿದ್ದರೆ ಅದನ್ನೂ ಬರೆಯಿರಿ. ಆ ಚೀಟಿ ತಗೊಂಡು ಡಾಕ್ಟರ್ ಹತ್ತಿರ ಹೋಗಿ. ಎಷ್ಟೋ ಸಲ ಅವರೇ ಡೋಸ್ ಇಳಿಸುತ್ತಾರೆ.